ತೇವದ ಸೀಮೆಯಲ್ಲಿ ಕ್ಯಾಮೆರಾ: ಕಸುಬಿನವರಿಗೆ ಕೆಲವು ಸೂಚನೆಗಳು

ತೀರ್ಥಹಳ್ಳಿಯ ನನ್ನ ಸ್ಟುಡಿಯೊದಲ್ಲಿ ಕ್ಯಾಮೆರಾಗಳನ್ನಿಡುವ ಕಬ್ಬಿಣದ ಬೀರುವಿನೊಳಗೆ ಬಹಳ ವರ್ಷಗಳ ಕಾಲ ಹದಿನೈದು ವ್ಯಾಟಿನ ಒಂದು ಬಲ್ಬು ಹಗಲಿರುಳೂ ಉರಿಯುತ್ತಿತ್ತು. ಹಿಂದಿನ ತಲೆಮಾರಿನ ಸ್ಟುಡಿಯೊದವರಿಂದ ಕಲಿತ ಉಪಾಯವದು. ಏಕೆ ಉರಿಸಬೇಕೆಂದು ನಾನೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಒಂದು ಮೇ ತಿಂಗಳಲ್ಲಿ ಆ ಬಲ್ಬು ಸುಟ್ಟುಹೋದಾಗ, ಕರೆಂಟು ಉಳಿಯುತ್ತದೆಂಬ ಲೆಕ್ಕದಲ್ಲಿ ಅದೇ ಹೋಲ್ಡರಿಗೆ ಎಲ್‌ಇಡಿ ಬಲ್ಬು ಹಾಕಿದೆ. ಗಣೇಶನ ಹಬ್ಬದ ಹೊತ್ತಿಗೆ 50 ಮಿ.ಮೀ. ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ, ಒಳಗಿನ ಗಾಜಿನ ಮೇಲೆ ಜೇಡ ನೇಯ್ದಂತೆ ಬಿಳಿಯ ಎಳೆಗಳು ಹಬ್ಬಿದ್ದವು. ಇಷ್ಟು ವರ್ಷ ಲೆನ್ಸುಗಳನ್ನು ಕಾಪಾಡುತ್ತಿದ್ದುದು ಬಲ್ಬಿನ ಬೆಳಕಲ್ಲ, ಅದರ ಬಿಸಿ ಎಂಬುದು ಆಗ ತಿಳಿಯಿತು. ಮುಚ್ಚಿದ ಬೀರುವಿನ ಗಾಳಿ ನಾಲ್ಕಾರು ಡಿಗ್ರಿ ಬಿಸಿಯಾದರೂ ಅದರ ಸಾಪೇಕ್ಷ ಆರ್ದ್ರತೆ (ಗಾಳಿ ಹಿಡಿಯಬಲ್ಲ ತೇವದಲ್ಲಿ ಶೇಕಡಾ ಎಷ್ಟು ಇದೆ ಎಂಬ ಲೆಕ್ಕ) ಇಳಿಯುತ್ತದೆ, ಅದು ಇಳಿದಲ್ಲಿ ಬೂಷ್ಟು ಬೆಳೆಯುವುದಿಲ್ಲ. ಎಲ್‌ಇಡಿ ದೀಪದಿಂದ ಅಂತಹ ಬಿಸಿ ಬರುವುದಿಲ್ಲ.

ಕ್ಯಾಮೆರಾದ ಜೊತೆಗೆ ಬರುವ ಕೈಪಿಡಿಯನ್ನು ಆಗುಂಬೆಯ ಮಳೆಯನ್ನು ಕಂಡವರು ಬರೆದಿರುವುದಿಲ್ಲ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಊರಿನ ಆಸುಪಾಸಿನಲ್ಲಿ ಈ ಕಸುಬು ಮಾಡುವವರಿಗೆ ಚಿತ್ರ ತೆಗೆಯುವ ವಿದ್ಯೆಯಷ್ಟೇ ಉಪಕರಣವನ್ನು ಒಣಗಿಸಿಡುವ ವಿದ್ಯೆಯೂ ಬೇಕಾಗುತ್ತದೆ. ಶಿವಮೊಗ್ಗದಿಂದ ಘಟ್ಟದ ತುದಿಯವರೆಗಿನ ಸೀಮೆಯಲ್ಲಿ ಹೊಸದಾಗಿ ಕ್ಯಾಮೆರಾ ಹಿಡಿದು ದುಡಿಯಲು ಹೊರಟವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಒಣಗಿಸಿಡುವುದು

ಆರ್ದ್ರತೆಯನ್ನು ಹಿಡಿತದಲ್ಲಿಡುವ ವಿದ್ಯುತ್ ಕಪಾಟುಗಳು ಈಗ ಸಿಗುತ್ತವೆ. ಕೊಳ್ಳುವ ಶಕ್ತಿಯಿದ್ದರೆ ಎರಡನೆಯ ಲೆನ್ಸಿಗಿಂತ ಮೊದಲು ಅದನ್ನು ಕೊಳ್ಳುವುದು ಜಾಣತನ. ಆದರೆ ಮಳೆಗಾಲದಲ್ಲಿ ನಮ್ಮಲ್ಲಿ ಮೂರು ದಿನ ಕರೆಂಟು ಹೋಗುವುದೂ ಉಂಟಾದ್ದರಿಂದ, ಅದನ್ನೊಂದನ್ನೇ ನಂಬಿ ಕೂರುವಂತಿಲ್ಲ. ಮುಚ್ಚಳದ ಸುತ್ತ ರಬ್ಬರಿನ ಅಂಚಿರುವ, ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಅರ್ಧ ಕಿಲೋ ಸಿಲಿಕಾ ಜೆಲ್ ಹರಳು ಮತ್ತು ಆರ್ದ್ರತೆ ತೋರಿಸುವ ಒಂದು ಪುಟ್ಟ ಮಾಪಕ ಇದ್ದರೆ ಬಡವನ ಕಪಾಟು ಸಿದ್ಧವಾದಂತೆ. ಮಾಪಕವು 40ರಿಂದ 50 ಶೇಕಡಾದ ನಡುವೆ ನಿಂತಿರಬೇಕು. 60 ದಾಟಿ ದಿನಗಟ್ಟಲೆ ಹಾಗೆಯೇ ಉಳಿದರೆ ಬೂಷ್ಟಿಗೆ ಆಹ್ವಾನ ಕೊಟ್ಟಂತೆ. 30ಕ್ಕಿಂತ ಕೆಳಗಿಳಿದರೆ ರಬ್ಬರು ಮತ್ತು ಲೆನ್ಸಿನೊಳಗಿನ ಗ್ರೀಸು ಒಣಗುವ ಭಯ ಇದ್ದೇ ಇದೆ.

ನೀಲಿ ಹರಳು ತೇವ ಹೀರಿಕೊಂಡು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಅದನ್ನು ಎಸೆಯಬೇಕಿಲ್ಲ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ನಿಧಾನವಾಗಿ ಹುರಿದರೆ ಮತ್ತೆ ನೀಲಿಯಾಗುತ್ತದೆ. ಹರಳಿಗೆ ನೀಲಿ ಬಣ್ಣ ಕೊಡುವ ಕೋಬಾಲ್ಟ್ ಕ್ಲೋರೈಡ್ ವಿಷಕಾರಿಯಾದ್ದರಿಂದ ಅಡುಗೆಯ ಬಾಣಲೆಯನ್ನು ಬಳಸದೆ, ಇದಕ್ಕೆಂದೇ ಹಳೆಯದೊಂದನ್ನು ಬೇರೆ ಇಟ್ಟುಕೊಂಡು, ಕಿಟಕಿ ತೆರೆದು ಹುರಿಯಬೇಕು. ಹುರಿದ ಹರಳು ಪೂರ್ತಿ ತಣಿದ ಮೇಲೆಯೇ ಡಬ್ಬಿಗೆ ಹೋಗಬೇಕು, ಆದರೆ ತಣಿಯುವಾಗ ತೆರೆದಿಟ್ಟರೆ ಹೊರಗಿನ ತೇವವನ್ನೇ ಕುಡಿದುಬಿಡುತ್ತದೆ. ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ತಣಿಸುವುದು ಒಳ್ಳೆಯದು. ಹರಳಿನ ಬದಲು ಅಕ್ಕಿ ಹಾಕಿಡುವವರಿದ್ದಾರೆ. ಅಕ್ಕಿಯ ಪುಡಿ ಲೆನ್ಸಿನ ಉಂಗುರದ ಸಂದಿಗೆ ಸೇರುವುದೇ ಹೊರತು ಪ್ರಯೋಜನ ಕಡಿಮೆ. ಹಳ್ಳಿಯ ಹಿರಿಯರೊಬ್ಬರು ಕ್ಯಾಮೆರಾವನ್ನು ಒಲೆಯ ಮೇಲಿನ ಅಟ್ಟದಲ್ಲಿಡಲು ಪ್ರೀತಿಯಿಂದ ಸಲಹೆ ಕೊಟ್ಟಿದ್ದರು. ಅಲ್ಲಿ ಬೆಚ್ಚಗಿರುವುದೇನೋ ನಿಜ, ಆದರೆ ಹೊಗೆಯ ಜಿಡ್ಡು ಗಾಜಿಗೆ ಅಂಟಿದರೆ ಬೂಷ್ಟೇ ವಾಸಿ ಅನ್ನಿಸೀತು.

ಲೆನ್ಸಿನ ಜೊತೆ ಬಂದ ಚರ್ಮದ ಚೀಲ ಎಷ್ಟೇ ಚೆಂದವಿದ್ದರೂ ಜೂನ್ ತಿಂಗಳಿಗೆ ಮೊದಲೇ ಅದನ್ನು ಬೇರೆ ಕಡೆ ಎತ್ತಿಡಿ, ಏಕೆಂದರೆ ಚರ್ಮ ತೇವವನ್ನು ಹಿಡಿದಿಡುತ್ತದೆ. ಹದಿನೈದು ದಿನಕ್ಕೊಮ್ಮೆ ಪ್ರತಿ ಲೆನ್ಸಿನ ಹಿಂಬದಿಯಿಂದ ಟಾರ್ಚಿನ ಬೆಳಕು ಹಾಯಿಸಿ ಮುಂಬದಿಯಿಂದ ಓರೆಯಾಗಿ ನೋಡಿ. ಎಳೆ ಕಂಡ ಕೂಡಲೇ ತಜ್ಞರಿಗೆ ಕಳುಹಿಸಿದರೆ ಗಾಜು ಉಳಿಯುತ್ತದೆ. ತಡಮಾಡಿದರೆ ಬೂಷ್ಟು ಗಾಜಿನ ಮೇಲಿನ ಲೇಪವನ್ನೇ ಕೊರೆಯುತ್ತದೆ, ಆಮೇಲೆ ಒರೆಸಿದರೂ ಕಲೆ ಹೋಗದು. ನನ್ನ 50 ಮಿ.ಮೀ. ಲೆನ್ಸಿನ ಗತಿ ಹಾಗೆಯೇ ಆಯಿತು. ಈಗ ಅದರ ಚಿತ್ರಗಳಲ್ಲಿ ದೀಪಗಳ ಸುತ್ತ ಸಣ್ಣ ಮಂಜು ಕವಿದಂತೆ ಕಾಣುತ್ತದೆ. ಕೆಲವು ಮದುಮಕ್ಕಳು ಅದನ್ನೇ ಮೆಚ್ಚಿ ಹಣ ಕೊಟ್ಟಿದ್ದೂ ಉಂಟು.

ಇನ್ನೊಂದು ಬಗೆಯ ತೇವ ಮಳೆಯ ಹನಿಯಾಗಿ ಬರುವುದಿಲ್ಲ, ಉಪಕರಣದ ಮೇಲೆಯೇ ಹುಟ್ಟುತ್ತದೆ. ಶಿವಮೊಗ್ಗದ ಹವಾನಿಯಂತ್ರಿತ ಕಲ್ಯಾಣ ಮಂಟಪದಿಂದ ಹೊರಾಂಗಣಕ್ಕೆ ಬಂದ ಕೂಡಲೇ, ಅಥವಾ ಏಸಿ ಹಾಕಿದ ಕಾರಿನಿಂದ ಜೋಗದ ವೀಕ್ಷಣಾ ಕಟ್ಟೆಯ ಬಳಿ ಇಳಿದ ಕೂಡಲೇ, ತಣ್ಣಗಿನ ಗಾಜಿನ ಮೇಲೆ ಹೊರಗಿನ ಆವಿ ಹನಿಗಟ್ಟುತ್ತದೆ. ಒರೆಸಿದಷ್ಟೂ ಮತ್ತೆ ಬರುತ್ತದೆ. ಹೊರಡುವ ಮುನ್ನ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಹೊರಗೆ ತಂದು ಅರ್ಧ ಗಂಟೆ ಹಾಗೆಯೇ ಬಿಟ್ಟರೆ ಹನಿ ಚೀಲದ ಮೇಲೆ ಕಟ್ಟುತ್ತದೆ, ಗಾಜಿನ ಮೇಲಲ್ಲ. ಆ ಸ್ಥಿತಿಯಲ್ಲಿ ಲೆನ್ಸು ಬದಲಿಸುವುದನ್ನಂತೂ ಮಾಡಲೇಬಾರದು. ಕಾರಿನಲ್ಲಿ ಕೊನೆಯ ಹತ್ತು ಕಿಲೋಮೀಟರ್ ಏಸಿ ಆರಿಸಿ ಕಿಟಕಿ ಇಳಿಸಿಕೊಂಡು ಹೋಗುವುದು ಇನ್ನೂ ಸುಲಭದ ದಾರಿ.

ಹಸಿರು, ಮಂಜು, ಆನೆ, ಬೆಳ್ಳಕ್ಕಿ

ಅಡಿಕೆ ತೋಟದೊಳಗೆ ಮದುಮಕ್ಕಳನ್ನು ನಿಲ್ಲಿಸಿ ಚಿತ್ರ ತೆಗೆಯುವುದು ಈಗ ಎಲ್ಲರ ಬೇಡಿಕೆ. ಕಣ್ಣಿಗೆ ಅಲ್ಲಿ ಎಲ್ಲವೂ ಸೊಗಸಾಗಿ ಕಂಡರೂ, ಸೋಗೆಗಳನ್ನು ದಾಟಿ ಬರುವ ಬೆಳಕು ಹಸಿರಾಗಿರುವುದರಿಂದ ಮುಖದ ಮೇಲೆ, ಅದರಲ್ಲೂ ಗದ್ದದ ಕೆಳಗೆ, ಹಸಿರು ಛಾಯೆ ಬೀಳುತ್ತದೆ. ಕ್ಯಾಮೆರಾದ ತಾನೇ ತಾನಾದ ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿಯೇ ಕಾಣಿಸುವ ಬಣ್ಣದ ಹೊಂದಿಕೆ) ಒಂದೊಂದು ಚಿತ್ರದಲ್ಲಿ ಒಂದೊಂದು ರೀತಿ ನಿರ್ಧರಿಸಿ, ಇನ್ನೂರು ಚಿತ್ರಗಳನ್ನು ಬಿಡಿಬಿಡಿಯಾಗಿ ಸರಿಪಡಿಸುವ ಶಿಕ್ಷೆಯನ್ನು ನಮಗೆ ಕೊಡುತ್ತದೆ. ತೋಟಕ್ಕೆ ಇಳಿದ ಕೂಡಲೇ ಮದುಮಗಳ ಕೈಗೆ ಬೂದು ಬಣ್ಣದ ಕಾರ್ಡೊಂದನ್ನು ಕೊಟ್ಟು, ಮುಖದ ಪಕ್ಕ ಹಿಡಿಸಿ, ಅದರಿಂದ ವೈಟ್ ಬ್ಯಾಲೆನ್ಸನ್ನು ನಿಗದಿ ಮಾಡಿ, ಜಾಗ ಬದಲಾಗುವವರೆಗೆ ಅದನ್ನೇ ಉಳಿಸಿಕೊಳ್ಳಿ. ಜೊತೆಗೆ ರಾ ಫೈಲಿನಲ್ಲಿಯೇ (ಕ್ಯಾಮೆರಾ ಕಂಡದ್ದನ್ನು ಸಂಸ್ಕರಿಸದೆ ಉಳಿಸುವ ಕಡತ) ಚಿತ್ರ ತೆಗೆಯಿರಿ. ಸಾಧ್ಯವಾದರೆ ತೋಟದ ಒಳಗಿಗಿಂತ ಅಂಚನ್ನು, ಎಂದರೆ ಗದ್ದೆಯ ಕಡೆಗೆ ತೆರೆದಿರುವ ಬದಿಯನ್ನು ಆರಿಸಿಕೊಳ್ಳಿ. ಹಿನ್ನೆಲೆಗೆ ಅಡಿಕೆ ಮರಗಳ ಸಾಲೂ ಸಿಗುತ್ತದೆ, ಮುಖಕ್ಕೆ ಆಕಾಶದ ಬೆಳಕೂ ಸಿಗುತ್ತದೆ.

ಮಳೆ ನಿಂತ ಮೇಲಿನ ಎಲೆಗಳು ಹೊಳೆಯುತ್ತವೆ, ಆ ಹೊಳಪು ಚಿತ್ರದಲ್ಲಿ ಬಿಳಿಯ ಚುಕ್ಕೆಗಳಾಗಿ ಹಸಿರನ್ನು ತೊಳೆದುಬಿಡುತ್ತದೆ. ಪೋಲರೈಸರ್ ಫಿಲ್ಟರನ್ನು ತಿರುಗಿಸಿದರೆ ಹೊಳಪು ಮಾಯವಾಗಿ ಹಸಿರು ಗಾಢವಾಗುವುದು ಕಣ್ಣೆದುರಿಗೇ ಕಾಣುತ್ತದೆ. ಒಂದರಿಂದ ಎರಡು ಸ್ಟಾಪಿನಷ್ಟು (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾದಂತೆ) ಬೆಳಕು ಇದರಿಂದ ಕಡಿಮೆಯಾಗುತ್ತದೆ. ಹಳ್ಳ ತೊರೆಗಳ ಚಿತ್ರಕ್ಕೆ ಅದೂ ಅನುಕೂಲವೇ, ಮೋಡದ ದಿನ ಐಎಸ್‌ಒ 100 (ಬೆಳಕಿಗೆ ಕ್ಯಾಮೆರಾ ತೋರುವ ಸಂವೇದನೆ), ಎಫ್ 11ರಲ್ಲಿ (ಲೆನ್ಸಿನ ಕಿಂಡಿಯ ಅಳತೆ) ಶಟರ್ ಅರ್ಧ ಸೆಕೆಂಡಿನ ಹತ್ತಿರಕ್ಕೆ ಬಂದು ನೀರು ನೂಲಿನಂತೆ ಕಾಣತೊಡಗುತ್ತದೆ. ಟ್ರೈಪಾಡ್ ಇಲ್ಲದೆ ಇದು ಆಗದು. ಕಾಲಿಗೆ ಹತ್ತುವ ಉಂಬಳದ (ಜಿಗಣೆಯ) ಕಡೆ ಗಮನ ಹೋದರಂತೂ ಕೈ ನಡುಗುವುದು ಖಚಿತ, ಆದ್ದರಿಂದ ಉಂಬಳದ ಕಾಲುಚೀಲವೂ ಛಾಯಾಗ್ರಹಣದ ಉಪಕರಣವೇ.

ಮಂಜನ್ನು, ಆನೆಯನ್ನು, ಬೆಳ್ಳಕ್ಕಿಯನ್ನು ಕ್ಯಾಮೆರಾ ಮೂರು ರೀತಿಯಲ್ಲಿ ತಪ್ಪಾಗಿ ಓದುತ್ತದೆ. ತನ್ನ ಎದುರಿಗಿರುವುದೆಲ್ಲ ನಡುಮಟ್ಟದ ಬೂದು ಬಣ್ಣ ಎಂದು ಭಾವಿಸುವುದು ಅದರ ಸ್ವಭಾವ. ಕುಂದಾದ್ರಿ ಬೆಟ್ಟದ ಮೇಲೆ ಬೆಳಗಿನ ಮಂಜು ಚೌಕಟ್ಟನ್ನೆಲ್ಲ ತುಂಬಿದಾಗ ಅದು ಬಿಳಿಯನ್ನು ಬೂದು ಮಾಡಿಬಿಡುತ್ತದೆ, ಎಕ್ಸ್‌ಪೋಶರ್ ಪರಿಹಾರವನ್ನು (ಚಿತ್ರದ ಬೆಳಕನ್ನು ಏರಿಳಿಸುವ ಹೊಂದಿಕೆ) ಮುಕ್ಕಾಲಿನಿಂದ ಒಂದು ಸ್ಟಾಪ್ ಏರಿಸಬೇಕು. ಶಿವಮೊಗ್ಗದಿಂದ 14 ಕಿ.ಮೀ. ದೂರದ ಸಕ್ರೆಬೈಲಿನ ಆನೆ ಬಿಡಾರದಲ್ಲಿ ತುಂಗೆಯ ನೀರಿನಿಂದ ಏಳುವ ಒದ್ದೆ ಆನೆ ಚೌಕಟ್ಟನ್ನು ತುಂಬಿದರೆ ಅದೇ ಕ್ಯಾಮೆರಾ ಕರಿಯನ್ನು ಬೂದು ಮಾಡಿ, ಹಿಂದಿನ ನೀರನ್ನೂ ಮಾವುತರ ಅಂಗಿಯನ್ನೂ ಸುಟ್ಟುಹಾಕುತ್ತದೆ, ಅಲ್ಲಿ ಒಂದು ಸ್ಟಾಪ್ ಇಳಿಸಬೇಕು. ಮಂಡಗದ್ದೆಯಲ್ಲಿ ಮಳೆಗಾಲದಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿಗಳ ವಿಷಯ ತುಸು ತಿರುಗುಮುರುಗು: ಹಕ್ಕಿ ಬಿಳಿಯದಾದರೂ ಚೌಕಟ್ಟಿನ ಬಹುಪಾಲು ಕಡುಹಸಿರು ಮರವೇ ಆಗಿರುವುದರಿಂದ ಕ್ಯಾಮೆರಾ ಮರವನ್ನು ನೋಡಿ ಬೆಳಕನ್ನು ಹೆಚ್ಚಿಸುತ್ತದೆ, ಹಕ್ಕಿಯ ಗರಿಗಳೆಲ್ಲ ಕರಗಿ ಸುಣ್ಣದ ಮುದ್ದೆಯಾಗುತ್ತದೆ. ಇಲ್ಲಿಯೂ ಇಳಿಸಬೇಕು. ಕೋಷ್ಟಕವನ್ನು ಬಾಯಿಪಾಠ ಮಾಡುವ ಬದಲು, ಚಿತ್ರದ ಹಿಸ್ಟೋಗ್ರಾಮ್ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಂದು ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಬಲಗಡೆಯ ಗೋಡೆಗೆ ಒತ್ತಿಕೊಂಡಿದೆಯೇ ಎಂದು ನೋಡುವುದನ್ನು ರೂಢಿಸಿಕೊಂಡರೆ ಸಾಕು. ಬಿಸಿಲಿನಲ್ಲಿ ಕ್ಯಾಮೆರಾದ ಹಿಂಬದಿಯ ಪರದೆಯನ್ನು ನಂಬುವವರು ಸಂಜೆ ಕಂಪ್ಯೂಟರಿನ ಎದುರು ಪೆಚ್ಚಾಗುತ್ತಾರೆ.

ಜೋಗದ ಬಗ್ಗೆ ಎರಡೇ ಮಾತು. 253 ಮೀಟರ್ ಎತ್ತರದಿಂದ ಬೀಳುವ ಶರಾವತಿ ಜುಲೈ ಆಗಸ್ಟಿನಲ್ಲಿ ಬಹುಪಾಲು ಹೊತ್ತು ಮಂಜಿನ ಹಿಂದೆಯೇ ಇರುತ್ತಾಳೆ. ಬಂದವರು ಹತ್ತು ನಿಮಿಷ ಕಾದು ಬೇಸರದಿಂದ ಹೊರಡುತ್ತಾರೆ, ಹೊರಟ ಮರುಗಳಿಗೆಗೆ ತೆರೆ ಸರಿಯುತ್ತದೆ. ಟ್ರೈಪಾಡ್ ಮೇಲೆ ಚೌಕಟ್ಟನ್ನು ಮೊದಲೇ ಕಟ್ಟಿ, ಫೋಕಸನ್ನು ಕೈಯಿಂದ ನಿಗದಿಪಡಿಸಿ (ಮಂಜಿನಲ್ಲಿ ಆಟೋಫೋಕಸ್ ದಿಕ್ಕು ತಪ್ಪುತ್ತದೆ), ಲೆನ್ಸಿನ ಮೇಲೆ ಒಣಬಟ್ಟೆ ಹೊದಿಸಿ, ಕಾಯಬೇಕು.

ಮದುವೆಯ ಮನೆಯಲ್ಲಿ

ವರ್ಷದ ಊಟ ನಮಗೆ ಹುಟ್ಟುವುದು ಮದುವೆಗಳಿಂದ. ಮಲೆನಾಡಿನ ಮನೆಯಂಗಳದ ಚಪ್ಪರದಲ್ಲಿ ಎರಡು ತೊಂದರೆಗಳಿವೆ. ಮೇಲೆ ಅಡಿಕೆ ದಬ್ಬೆ, ಸೋಗೆ, ಅದರ ಮೇಲೆ ನೀಲಿ ಟಾರ್ಪಾಲು ಇದ್ದರೆ ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ ಬೆಳಕನ್ನು ಪುಟಿಸುವ ಉಪಾಯ ನಡೆಯುವುದಿಲ್ಲ. ಬಣ್ಣದ ಬಟ್ಟೆ ಕಟ್ಟಿದ್ದರೆ ಆ ಬಣ್ಣವೇ ಮುಖಕ್ಕೆ ಇಳಿಯುತ್ತದೆ. ಬಿಳಿ ಕೊಡೆಯೊಳಗೆ ಫ್ಲ್ಯಾಶ್ ಇಟ್ಟು, ಸಹಾಯಕನ ಕೈಯಲ್ಲಿ ಓರೆಯಾಗಿ ಎತ್ತರಕ್ಕೆ ಹಿಡಿಸುವುದು ಇದಕ್ಕೆ ಸರಿಯಾದ ದಾರಿ. ಹೋಮದ ಹೊಗೆ ಎದ್ದಾಗ ಮಾತ್ರ ಫ್ಲ್ಯಾಶನ್ನು ಪೂರ್ತಿ ಆರಿಸಿ, ಏಕೆಂದರೆ ಎದುರಿನ ಬೆಳಕು ಹೊಗೆಗೆ ಬಡಿದು ಗೋಡೆಯಂತೆ ನಿಲ್ಲುತ್ತದೆ. ಕಿಟಕಿ ಅಥವಾ ಅಂಗಳದ ಬೆಳಕು ಹೊಗೆಯ ಹಿಂದಿನಿಂದ ಬರುವ ಕಡೆ ನಿಂತರೆ ಅದೇ ಹೊಗೆ ಚಿತ್ರಕ್ಕೆ ಶೋಭೆ ಕೊಡುತ್ತದೆ.

ಕಲ್ಯಾಣ ಮಂಟಪಗಳ ಎಲ್‌ಇಡಿ ಅಲಂಕಾರದ ತೊಂದರೆ ಬೇರೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದಾದ್ದರಿಂದ ಅನೇಕ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಕಣ್ಣಿಗೆ ಕಾಣದ ಈ ಮಿನುಗು ಚಿತ್ರದಲ್ಲಿ ಅಡ್ಡಪಟ್ಟೆಗಳಾಗಿ ಮೂಡುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರನ್ನು ಅಲ್ಲಿ ಬಿಟ್ಟು, ಯಾಂತ್ರಿಕ ಶಟರಿನಲ್ಲಿ 1/100 ಅಥವಾ 1/50 ಸೆಕೆಂಡಿಗೆ ಇಳಿದರೆ ಬಹುಮಟ್ಟಿಗೆ ಪರಿಹಾರವಾಗುತ್ತದೆ. ವೇದಿಕೆಯ ಹಿಂದಿನ ದೊಡ್ಡ ಪರದೆಗಳು ಇದಕ್ಕೂ ಬಗ್ಗದಿರಬಹುದು, ಮುಹೂರ್ತಕ್ಕೆ ಮೊದಲೇ ಒಂದೆರಡು ಚಿತ್ರ ತೆಗೆದು ಪರೀಕ್ಷಿಸಿ.

ಅಂತರಪಟ ಸರಿಯುವ ಗಳಿಗೆ ಮತ್ತೆ ಬರುವುದಿಲ್ಲ. ಕಸುಬಿನ ಮೊದಲ ವರ್ಷಗಳಲ್ಲಿ ಅದನ್ನು ಎರಡು ಸಲ ತಪ್ಪಿಸಿಕೊಂಡ ಮೇಲೆ, ಮೂರನೆಯ ಮದುವೆಯಲ್ಲಿ ಪುರೋಹಿತರ ಹತ್ತಿರ ಹೋಗಿ, “ಭಟ್ರೇ, ಪರದೆ ಸರಿಸೋಕೆ ಮುಂಚೆ ನನ್ನ ಕಡೆ ಒಂದ್ಸಲ ನೋಡಿ” ಎಂದು ಬೇಡಿಕೊಂಡೆ. ಅವರು ಮಂತ್ರದ ನಡುವೆಯೇ, “ನನ್ನ ಮುಖ ಎಂಥಕ್ಕೆ ನೋಡ್ತೀಯ ಮಾರಾಯ, ಕೈ ನೋಡು. ವಾಲಗದವ್ರೂ ಅದನ್ನೇ ನೋಡ್ತಾರೆ” ಎಂದರು. ಗಟ್ಟಿಮೇಳಕ್ಕೆ ಸನ್ನೆ ಕೊಡಲು ಪುರೋಹಿತರ ಬಲಗೈ ಏಳುತ್ತದೆ, ವಾಲಗ ಏರುತ್ತದೆ, ಆಮೇಲೆ ಪಟ ಇಳಿಯುತ್ತದೆ, ಜೀರಿಗೆ ಬೆಲ್ಲ ತಲೆಯ ಮೇಲೆ ಬೀಳುತ್ತದೆ. ಅಂದಿನಿಂದ ನಾನು ಮದುಮಕ್ಕಳ ಮುಖವೂ ಪುರೋಹಿತರ ಬಲಗೈಯೂ ಒಟ್ಟಿಗೆ ಕಾಣುವ ಜಾಗವನ್ನೇ ಹುಡುಕಿ ನಿಲ್ಲುತ್ತೇನೆ.

ಪ್ಯಾಕೇಜಿನ ಪಟ್ಟಿಯಲ್ಲಿ ಯಾರೂ ಬರೆಸದ ಒಂದು ಕೆಲಸವನ್ನು ಪ್ರತಿ ಮದುವೆಯಲ್ಲೂ ಮಾಡಿ. ಬೆಳಗಿನ ತಿಂಡಿಯ ಹೊತ್ತಿಗೆ, ಗದ್ದಲ ಏರುವ ಮೊದಲು, ಎರಡೂ ಕಡೆಯ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಜಗಲಿಯ ಅಂಚಿಗೆ ಕರೆದು ಕೂರಿಸಿ, ಅಂಗಳದ ಬೆಳಕಿನಲ್ಲಿ ಎದೆಮಟ್ಟದ ಚಿತ್ರ ತೆಗೆಯಿರಿ. “ನಂದೆಂಥ ಫೋಟೊ ತೆಗೀತೀಯ ಮಗಾ, ಮದುಮಗಳದ್ದು ತೆಗಿ ಹೋಗು” ಎಂದು ಅಜ್ಜಿಯರು ಹೇಳುತ್ತಾರೆ. “ನೀವು ಇವತ್ತು ಚೆಂದ ಕಾಣ್ತಿದೀರಿ ಅಜ್ಜಿ, ಅದಕ್ಕೆ” ಎಂದರೆ ಸೆರಗು ಸರಿಮಾಡಿಕೊಂಡು ಕೂರುತ್ತಾರೆ. ಕಾರಣವನ್ನು ಬಿಡಿಸಿ ಹೇಳಬೇಕಿಲ್ಲ. ಕೆಲವು ವರ್ಷಗಳ ಮೇಲೆ ಒಂದು ಬೆಳಿಗ್ಗೆ ಆ ಮನೆಯಿಂದ ಫೋನು ಬರುತ್ತದೆ, ಹಾರ ಹಾಕಲು ಒಂದು ಒಳ್ಳೆಯ ಚಿತ್ರ ಬೇಕು, ಇರುವುದು ಗುಂಪಿನ ಚಿತ್ರ ಮಾತ್ರ ಎನ್ನುತ್ತಾರೆ. 24 ಮೆಗಾಪಿಕ್ಸೆಲಿನ ಚಿತ್ರದ ಅಗಲ 6,000 ಪಿಕ್ಸೆಲ್; ಸಾಲಿನಲ್ಲಿ ಹದಿನೈದು ಜನ ನಿಂತಿದ್ದರೆ ಒಬ್ಬರಿಗೆ 400 ಪಿಕ್ಸೆಲ್, ಮುಖಕ್ಕೆ ಇನ್ನೂರೂ ದಕ್ಕುವುದಿಲ್ಲ. 300 ಡಿಪಿಐ (ಇಂಚಿಗೆ 300 ಚುಕ್ಕೆ) ಮುದ್ರಣದಲ್ಲಿ ಅದು ಮುಕ್ಕಾಲು ಇಂಚನ್ನೂ ಮುಟ್ಟದು. ಅದನ್ನು 12×18 ಇಂಚಿಗೆ ಹಿಗ್ಗಿಸಿ ಕೊಟ್ಟ ಚಿತ್ರಗಳನ್ನು ಎಷ್ಟೋ ಮನೆಗಳ ಗೋಡೆಯ ಮೇಲೆ ನೋಡಿದ್ದೇನೆ, ಅವುಗಳಲ್ಲಿ ಕೆಲವು ನನ್ನವೇ. ಜಗಲಿಯಲ್ಲಿ ತೆಗೆದ ಚಿತ್ರ ಇದ್ದರೆ ಹುಡುಕಿ ಕೊಡಲು ಐದು ನಿಮಿಷ ಸಾಕು. ಅದಕ್ಕೆ ನಾನು ಹಣ ಪಡೆಯುವುದಿಲ್ಲ, ನೀವು ಪಡೆಯುವುದು ಬಿಡುವುದು ನಿಮಗೆ ಬಿಟ್ಟದ್ದು.

ಹಬ್ಬದ ರಾತ್ರಿಗಳು

ದೀಪಾವಳಿಯಲ್ಲಿ ಹಣತೆ ಹಿಡಿದು ಮನೆಮನೆಗೆ ಹಾಡುತ್ತ ಬರುವ ಅಂಟಿಕೆ ಪಂಟಿಕೆಯವರ ಚಿತ್ರಕ್ಕೆ ಫ್ಲ್ಯಾಶ್ ಹಾಕಿದರೆ ಹಣತೆಯ ಬೆಳಕೂ ಹೋಗುತ್ತದೆ, ಹಾಡುವವರ ಮನಸ್ಸೂ ಮುರಿಯುತ್ತದೆ. ಎಫ್ 1.8ರ ಲೆನ್ಸು, ಐಎಸ್‌ಒ 3200ರಿಂದ 6400, ಶಟರ್ 1/60 ಇದ್ದರೆ ದೀಪ ಹಿಡಿದವರ ಮುಖ ಬೆಚ್ಚಗೆ ಮೂಡುತ್ತದೆ. ಚಿತ್ರದ ಕಾಳುಗಳಿಗೆ ಹೆದರಬೇಡಿ. ಹಣತೆಯ ಕೆಂಪನ್ನು ವೈಟ್ ಬ್ಯಾಲೆನ್ಸಿನಿಂದ ಬಿಳಿ ಮಾಡಲು ಹೋಗುವುದು ಹಬ್ಬವನ್ನೇ ಒರೆಸಿದಂತೆ. ದೀಪ ಆರದಂತೆ ಕಾಯುವುದು ಅವರ ಹೊಣೆ, ದಾರಿಯಲ್ಲಿ ಅಡ್ಡ ನಿಂತು ನಿಲ್ಲಿಸದಿರುವುದು ನಮ್ಮ ಹೊಣೆ.

ತೆಗೆದದ್ದನ್ನು ಉಳಿಸುವುದು

ಎರಡು ದಿನದ ಮದುವೆಯಲ್ಲಿ ಮೂರು ಸಾವಿರ ಚಿತ್ರ ತೆಗೆದರೆ, ಒಂದೊಂದು ರಾ ಫೈಲ್ 25ರಿಂದ 30 ಎಂಬಿ ಎಂದು ಹಿಡಿದರೂ 75ರಿಂದ 90 ಜಿಬಿಯಾಗುತ್ತದೆ. ಇದನ್ನೆಲ್ಲ ಒಂದೇ ದೊಡ್ಡ ಕಾರ್ಡಿನಲ್ಲಿ ತುಂಬುವುದಕ್ಕಿಂತ 64 ಜಿಬಿಯ ಕಾರ್ಡುಗಳಲ್ಲಿ ಹಂಚುವುದು ಲೇಸು, ಎರಡು ಕಾರ್ಡು ಹಿಡಿಯುವ ಕ್ಯಾಮೆರಾ ಆದರೆ ಎರಡರಲ್ಲೂ ಒಂದೇ ಚಿತ್ರ ಬರೆಯುವಂತೆ ಹೊಂದಿಸುವುದು ಇನ್ನೂ ಲೇಸು. ಕಾರ್ಡನ್ನು ಕ್ಯಾಮೆರಾದಲ್ಲಿಯೇ ಫಾರ್ಮ್ಯಾಟ್ ಮಾಡಬೇಕು, ಅದೂ ಎರಡು ಡಿಸ್ಕುಗಳಿಗೆ ನಕಲಾಗಿ ತೆರೆದು ನೋಡಿದ ಮೇಲೆ ಮಾತ್ರ. ತುಂಬಿದ ಕಾರ್ಡನ್ನು ಅಂಗಿಯ ಎಡಜೇಬಿನಲ್ಲೂ ಖಾಲಿಯದನ್ನು ಬಲಜೇಬಿನಲ್ಲೂ ಇಡುವ ನೇಮವನ್ನು ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ಮುರಿದು, ಒಂದು ನಿಶ್ಚಿತಾರ್ಥದ ಅರ್ಧ ಭಾಗವನ್ನು ನಾನೇ ಅಳಿಸಿಹಾಕಿದ್ದೇನೆ. ಅಳಿಸಿದ್ದು ತಿಳಿದ ಕೂಡಲೇ ಆ ಕಾರ್ಡಿನಲ್ಲಿ ಮತ್ತೆ ಒಂದು ಚಿತ್ರವನ್ನೂ ತೆಗೆಯದೆ ಎತ್ತಿಟ್ಟಿದ್ದರಿಂದ, ಮರುಪಡೆಯುವ ತಂತ್ರಾಂಶದಲ್ಲಿ ಬಹುಪಾಲು ಸಿಕ್ಕಿತು. ಮೇಲೆ ಹೊಸ ಚಿತ್ರಗಳು ಬರೆದಿದ್ದರೆ ಸಿಗುತ್ತಿರಲಿಲ್ಲ.

ಮೂರನೆಯ ನಕಲು ಬೇರೆ ಸೂರಿನ ಕೆಳಗಿರಬೇಕು. ಇಂಟರ್ನೆಟ್ಟಿನ ಮೂಲಕ ಕಳುಹಿಸುತ್ತೇನೆಂದರೆ, ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ 80 ಜಿಬಿ ಹೋಗಲು ಹದಿನೆಂಟು ಗಂಟೆ ಬೇಕು, ಅಷ್ಟು ಹೊತ್ತು ನಮ್ಮಲ್ಲಿ ಕರೆಂಟೂ ನೆಟ್‌ವರ್ಕೂ ಜೊತೆಯಾಗಿ ಇರುವ ದಿನ ಅಪರೂಪ. ನನ್ನ ಮೂರನೆಯ ಡಿಸ್ಕು ಶಿವಮೊಗ್ಗದಲ್ಲಿರುವ ತಂಗಿಯ ಮನೆಯಲ್ಲಿ, ಆಕೆಯ ಸೀರೆಗಳ ನಡುವೆ, ಹರಳಿನ ಡಬ್ಬಿಯೊಳಗೆ ಇದೆ. ಏಪ್ರಿಲ್ ಮೇ ತಿಂಗಳ ಗುಡುಗಿನ ಮಳೆಯಲ್ಲಿ, ಮೋಡ ಕಟ್ಟಿದ್ದು ಕಂಡೊಡನೆ ಕಂಪ್ಯೂಟರನ್ನೂ ರೌಟರಿನ ಅಡಾಪ್ಟರನ್ನೂ ಗೋಡೆಯಿಂದ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು, ಸಿಡಿಲಿಗೆ ಸ್ವಿಚ್ಚಿನ ಆ ಸಣ್ಣ ಸಂದು ಲೆಕ್ಕಕ್ಕಿಲ್ಲ.

ಆಲ್ಬಂ ಮುದ್ರಣದ ಬಗ್ಗೆ ಹೇಳಬೇಕಾದದ್ದು ಕಡಿಮೆ. 12×36 ಇಂಚಿನ ಹಾಳೆಗೆ 300 ಡಿಪಿಐಯಲ್ಲಿ 10,800×3,600 ಪಿಕ್ಸೆಲಿನ ಪುಟ ಕಟ್ಟಿ, ಲ್ಯಾಬಿನವರು ಬೇರೆ ಹೇಳದಿದ್ದರೆ ಎಸ್‌ಆರ್‌ಜಿಬಿ ಬಣ್ಣದ ಮಾದರಿಯಲ್ಲಿ ಕಳುಹಿಸಿ, ನಡುವಿನ ಮಡಿಕೆಯ ಮೇಲೆ ಯಾರ ಮುಖವೂ ಬಾರದಂತೆ ನೋಡಿಕೊಳ್ಳಿ.

ಡ್ರೋನ್ ಹಾರಿಸುವಂತೆ ಗಿರಾಕಿಗಳು ಒತ್ತಾಯಿಸುತ್ತಾರೆ. 250 ಗ್ರಾಂಗಿಂತ ಭಾರದ ಡ್ರೋನಿನಿಂದ ಸಂಪಾದಿಸಬೇಕಾದರೆ 2021ರ ಡ್ರೋನ್ ನಿಯಮಗಳಂತೆ ಪೈಲಟ್ ಪ್ರಮಾಣಪತ್ರ ಬೇಕು. 2023ರ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಶಿವಮೊಗ್ಗ ನಗರದ ಸುತ್ತ ಹಾರಿಸುವ ಮುನ್ನ ಡಿಜಿಟಲ್ ಸ್ಕೈ ನಕಾಶೆಯನ್ನು (ಡ್ರೋನ್ ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರಿ ನಕ್ಷೆ) ನೋಡದೆ ಒಪ್ಪಿಕೊಳ್ಳಬೇಡಿ. ಅಭಯಾರಣ್ಯದ ಒಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹಾರಿಸುವ ಮಾತೇ ಇಲ್ಲ. ಇಕ್ಕೇರಿ, ಬಳ್ಳಿಗಾವಿಯಂತಹ ಸಂರಕ್ಷಿತ ದೇವಾಲಯಗಳಲ್ಲಿ ಟ್ರೈಪಾಡ್ ನೆಡುವುದಕ್ಕೂ ಮೊದಲೇ ಅನುಮತಿ ಕೇಳಿಕೊಳ್ಳಿ; ಮದುಮಕ್ಕಳನ್ನು ಕರೆತಂದು ಬಾಗಿಲಲ್ಲಿ ವಾದ ಮಾಡುವುದು ಚೆನ್ನಾಗಿರುವುದಿಲ್ಲ.

ಆಷಾಢದಲ್ಲಿ ಮದುವೆಗಳಿಲ್ಲ, ಹೊರಗೆ ಮಳೆ ಬಿಡುವುದಿಲ್ಲ. ಆ ತಿಂಗಳನ್ನು ನಾನು ಹಳೆಯ ಡಿಸ್ಕುಗಳಿಗೆ ಮೀಸಲಿಟ್ಟಿದ್ದೇನೆ. ಒಂದೊಂದನ್ನೇ ತೆರೆದು, ಐದು ವರ್ಷ ದಾಟಿದ್ದನ್ನು ಹೊಸದಕ್ಕೆ ನಕಲಿಸಿ, ಜಗಲಿಯ ಚಿತ್ರಗಳನ್ನು ಊರು ಮತ್ತು ಮನೆತನದ ಹೆಸರಿನ ಫೋಲ್ಡರುಗಳಿಗೆ ಸೇರಿಸುತ್ತೇನೆ. ಪಕ್ಕದ ಒಲೆಯ ಮೇಲೆ ಹರಳು ಹುರಿಯುತ್ತಿರುತ್ತದೆ. ಬೀರುವಿನ ಹೋಲ್ಡರಿನಲ್ಲಿ ಈಗ ಮತ್ತೆ ತಂತಿಯ ಬಲ್ಬು ಇದೆ. ಅದು ಅಂಗಡಿಗಳಲ್ಲಿ ಸಿಗುವುದು ಕಷ್ಟವಾಗುತ್ತಿರುವುದರಿಂದ ಕಂಡಾಗಲೆಲ್ಲ ಎರಡು ಹೆಚ್ಚು ಕೊಂಡಿಡಿ.